ಈ ಸಲ ಯಾವ ಆಟ ಹಾಕ್ತೀರಿ?

ಲಾಡು ತಿಂದು ಬಲಶಾಲಿಯಾಗುವ ‘ಛೋಟಾ ಭೀಮ್’ ಎಂಬ ಪೋರನನ್ನು ಅರಿಯದ ಮಕ್ಕಳು ಈಗ ಹಳ್ಳಿಗಳಲ್ಲಿಯೂ ಕಡಿಮೆ. ಹೈದರಾಬಾದಿನ ಸಂಸ್ಥೆಯೊಂದು ತಯಾರಿಸಿದ ಈ ಕಾರ್ಟೂನ್ ಮಾಲಿಕೆ 2008ರಲ್ಲಿ ಟೀವಿಯಲ್ಲಿ ಶುರುವಾಯಿತು. ಮಕ್ಕಳ ಪಕ್ಕ ಕೂತು ಇದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕಂತು ಮುಗಿದ ಮೇಲೆಯೇ ಅವರ ಕಥೆ ಆರಂಭವಾಗುವುದು. ಭೀಮ ನಮ್ಮೂರ ಜಾತ್ರೆಗೆ ಬಂದರೆ ಏನಾಗುತ್ತದೆ? ಭೀಮನಿಗೂ ಹನುಮಂತನಿಗೂ ಕುಸ್ತಿ ಬಿದ್ದರೆ ಗೆಲ್ಲುವವರು ಯಾರು? (ಎರಡನೆಯ ಪ್ರಶ್ನೆಗೆ ಮಹಾಭಾರತದಲ್ಲೇ ಉತ್ತರವಿದೆ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮ ಮುದಿಕಪಿಯ ಬಾಲವನ್ನು ಎತ್ತಲಾರದೆ ಸೋತ.) ಹೀಗೆ ಮೆಚ್ಚಿನ ಮಾಲಿಕೆಗೆ ತಮ್ಮದೊಂದು ಹೊಸ ಕಂತನ್ನು ಹೊಸೆಯುವುದು ಟೀವಿ ಕಲಿಸಿದ ಚಾಳಿ ಎಂದು ಹಿರಿಯರು ಗೊಣಗುವುದುಂಟು. ಆದರೆ ಈ ಚಾಳಿಗೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಅದನ್ನು ಹುಡುಕಲು ದೂರ ಹೋಗಬೇಕಿಲ್ಲ. ಗೊರೇಬಾಳ ಇರುವ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೀಮೆಯಲ್ಲಿ, ಅದರ ಪಕ್ಕದ ಕೊಪ್ಪಳ, ಬಳ್ಳಾರಿಗಳಲ್ಲಿ ಚಿತ್ರಗಳು ಚಲಿಸುತ್ತಿದ್ದುದು ಟೀವಿಗಿಂತ ಎಷ್ಟೋ ಮೊದಲು. ಅದೇ ತೊಗಲುಗೊಂಬೆಯಾಟ.

ಬಿಳಿಯ ಪರದೆಯೊಂದನ್ನು ಬಿಗಿದು, ಸುತ್ತ ಕಂಬಳಿ ಕಟ್ಟಿ, ಹಿಂದೆ ದೀಪವಿಟ್ಟರೆ ರಂಗ ಸಿದ್ಧ. ಮೇಕೆಯ ಇಲ್ಲವೆ ಜಿಂಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ಕತ್ತರಿಸಿ, ಬಣ್ಣ ತುಂಬಿ, ಒಡವೆ ವಸ್ತ್ರಗಳ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದ ಗೊಂಬೆಗಳು. ಅವಕ್ಕೆ ಸೀಳಿದ ಬಿದಿರಿನ ಕಡ್ಡಿ. ಪರದೆಗೆ ಒತ್ತಿ ಹಿಡಿದಾಗ ಮೂಡುವುದು ಬರೀ ಕಪ್ಪು ನೆರಳಲ್ಲ, ಬಣ್ಣದ ನೆರಳು. ಆಡಿಸುವವರನ್ನು ದಕ್ಷಿಣದಲ್ಲಿ ಕಿಳ್ಳೇಕ್ಯಾತರೆಂದೂ ಉತ್ತರದಲ್ಲಿ ಶಿಳ್ಳೇಕ್ಯಾತರೆಂದೂ ಕರೆಯುತ್ತಾರೆ. ಮನೆಯಲ್ಲಿ ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಕನ್ನಡ. ಆಟವಿಲ್ಲದ ದಿನಗಳಲ್ಲಿ ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವ ಈ ಜನ ಊರೂರು ತಿರುಗಿ ಆಡುತ್ತಿದ್ದರು. ಇಡೀ ಸಂಸಾರವೇ ಒಂದು ಮೇಳ. ಗಂಡಸು ಗೊಂಬೆ ಹಿಡಿದರೆ ಹೆಂಗಸು ಹಾಡುತ್ತಾಳೆ, ಮಾತಿಗೂ ಸೇರುತ್ತಾಳೆ, ಮಗ ಮದ್ದಳೆ ಬಾರಿಸುತ್ತಾನೆ.

ಕಾರ್ಟೂನಿಗೂ ಇದಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಇಂದು ಉಳಿದು ಬಂದಿರುವ ಅತ್ಯಂತ ಹಳೆಯ ಪೂರ್ಣಾವಧಿ ಅನಿಮೇಷನ್ ಚಿತ್ರವೆಂದರೆ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ 1926ರಲ್ಲಿ ಮುಗಿಸಿದ ‘ರಾಜಕುಮಾರ ಅಹ್ಮದನ ಸಾಹಸಗಳು’. ಅದರಲ್ಲಿರುವುದು ಬರೆದ ಚಿತ್ರಗಳಲ್ಲ, ಕತ್ತರಿಸಿದ ನೆರಳುಗೊಂಬೆಗಳು. ಕ್ಯಾಮೆರಾ ಒಂದನ್ನು ಬಿಟ್ಟರೆ ನಮ್ಮ ಶಿಳ್ಳೇಕ್ಯಾತರಿಗೆ ಅದರಲ್ಲಿ ಅಪರಿಚಿತವಾದದ್ದು ಹೆಚ್ಚೇನೂ ಇರಲಿಲ್ಲ.

ಗೊಂಬೆಯಾಟ ಮಾಲಿಕೆಯೂ ಹೌದು. ರಾಮಾಯಣ, ಮಹಾಭಾರತಗಳನ್ನು ಒಂದೇ ರಾತ್ರಿಯಲ್ಲಿ ಆಡಲಾಗುವುದಿಲ್ಲ. ಲಂಕಾದಹನ ಒಂದು ರಾತ್ರಿ, ಮೈರಾವಣ ಕಾಳಗ ಮತ್ತೊಂದು ರಾತ್ರಿ, ಲವಕುಶರದು ಇನ್ನೊಂದು. ಪಾತ್ರಗಳು ಅವವೇ, ಪ್ರಸಂಗ ಬೇರೆ. ಆದರೆ ಇಂದಿನ ಮಾಲಿಕೆಗೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು. ಮುಂದಿನ ಕಂತು ಯಾವುದೆಂದು ತೀರ್ಮಾನಿಸುವಾಗ ಪರದೆಯ ಮುಂದೆ ಕೂತವರ ಮಾತೂ ನಡೆಯುತ್ತಿತ್ತು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ನಿದರ್ಶನ ವಿರಾಟಪರ್ವ. ಮಳೆ ಕೈಕೊಟ್ಟ ವರ್ಷ ಊರವರು ಸೇರಿ ವಿರಾಟಪರ್ವ ಓದಿಸುವುದು, ಆಡಿಸುವುದು ಕರ್ನಾಟಕದ ಉದ್ದಗಲಕ್ಕೂ ಇದ್ದ ರೂಢಿ. ಗೊಂಬೆಯವರನ್ನು ಕರೆಸಿ ‘ಈ ಸಲ ಇದನ್ನೇ ಹಾಕ್ರಿ’ ಎಂದು ಹೇಳುತ್ತಿದ್ದರು. ವಿರಾಟಪರ್ವವೇ ಏಕೆ? ಅಜ್ಞಾತವಾಸದಲ್ಲಿರುವ ಪಾಂಡವರನ್ನು ಎಲ್ಲಿ ಹುಡುಕುವುದೆಂದು ಕೌರವರ ಸಭೆಯಲ್ಲಿ ಚರ್ಚೆ ನಡೆದಾಗ ಭೀಷ್ಮ ಒಂದು ಸುಳಿವು ಕೊಡುತ್ತಾನೆ. ಧರ್ಮರಾಯ ನೆಲೆಸಿದ ನಾಡಿನಲ್ಲಿ ಮಳೆ ಕಾಲಕ್ಕೆ ಸರಿಯಾಗಿ ಬರುತ್ತದೆ, ಬೆಳೆ ಹುಲುಸಾಗಿರುತ್ತದೆ, ಹಸುಗಳು ಕೊಬ್ಬಿರುತ್ತವೆ ಎಂದು. ಬರದ ಊರಿನಲ್ಲಿ ಪಾಂಡವರನ್ನು ಒಂದು ರಾತ್ರಿಯ ಮಟ್ಟಿಗಾದರೂ ಪರದೆಯ ಮೇಲೆ ನೆಲೆಗೊಳಿಸುವುದರ ಹಿಂದೆ ಈ ಸುಳಿವು ಕೆಲಸ ಮಾಡಿದೆ ಎಂದು ನನ್ನ ಎಣಿಕೆ. ಭಕ್ತಿ ಅದಾದರೆ, ರಂಜನೆಯೂ ಜೊತೆಗಿತ್ತು. ಅಡಿಗೆಯ ವಲಲನಾಗಿರುವ ಭೀಮ ಕತ್ತಲ ನಾಟ್ಯಶಾಲೆಯಲ್ಲಿ ಹೆಣ್ಣುವೇಷದಲ್ಲಿ ಹೊಂಚಿ ಕೀಚಕನನ್ನು ಹಿಸುಕುವ ದೃಶ್ಯ ನೆರಳಿನಾಟಕ್ಕೆಂದೇ ಹುಟ್ಟಿದ್ದು.

ಸಿಂಧನೂರು ಸೀಮೆ ಆಗ ಮಳೆಯನ್ನೇ ನಂಬಿದ ಜೋಳದ ಹೊಲಗಳ ನಾಡು. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಇತ್ತ ಹರಿದ ಮೇಲೆ ಅದು ಭತ್ತದ ಕಣಜವಾಯಿತು. ಕಾಲುವೆ ಬಂದ ಊರುಗಳಲ್ಲಿ ಕೀಚಕನ ಆಟಕ್ಕೆ ಮೊದಲಿನ ಒತ್ತಾಯ ಉಳಿದಿರಲಾರದು ಎಂದು ಊಹಿಸಬಹುದು. ನೀರಿನ ಜೊತೆ ಸಿನಿಮಾ ಟೆಂಟೂ ಬಂತು.

ಇದ್ದ ಪ್ರಸಂಗವನ್ನು ಕೇಳಿ ಆಡಿಸುವುದು ಒಂದು. ಇಲ್ಲದ ಪ್ರಸಂಗವನ್ನು ಹುಟ್ಟಿಸುವುದು ಇನ್ನೊಂದು. ನಮ್ಮ ಜನಪದ ಆಟಗಳ ಪಟ್ಟಿ ತೆಗೆದು ನೋಡಿದರೆ ವ್ಯಾಸರಲ್ಲಿಯೂ ವಾಲ್ಮೀಕಿಯಲ್ಲಿಯೂ ಸಿಗದ ಎಷ್ಟೋ ಕಥೆಗಳು ಕಾಣುತ್ತವೆ. ಅವುಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಕೃಷ್ಣಾರ್ಜುನರ ಕಾಳಗ ಒಂದು, ರಾಮಾಂಜನೇಯರ ಯುದ್ಧ ಇನ್ನೊಂದು. ಹೆಸರು ಕೇಳಿದರೇ ಸಾಕು, ಇವು ಎಂಥ ಪ್ರಶ್ನೆಯಿಂದ ಹುಟ್ಟಿದವು ಎಂದು ತಿಳಿಯುತ್ತದೆ. ಕೃಷ್ಣನೂ ಅರ್ಜುನನೂ ಪ್ರಾಣಮಿತ್ರರು, ರಾಮನೂ ಹನುಮನೂ ಒಡೆಯ ಮತ್ತು ಬಂಟ. ಇವರು ಒಬ್ಬರ ಮೇಲೊಬ್ಬರು ಕೈಮಾಡಿದರೆ? ಕಾರ್ಟೂನು ನೋಡಿದ ಹುಡುಗ ಕೇಳುವುದೂ ಇದನ್ನೇ, ಅದೇ ಧಾಟಿಯಲ್ಲಿ.

ಪ್ರಶ್ನೆ ಸುಲಭ, ಕಥೆ ಕಷ್ಟ. ಇಬ್ಬರೂ ಒಳ್ಳೆಯವರಾಗಿರುವಾಗ ಜಗಳ ಹುಟ್ಟಿಸುವುದು ಹೇಗೆ? ಯಾರನ್ನಾದರೂ ಕೆಟ್ಟವನನ್ನಾಗಿ ಮಾಡಿದರೆ ನೋಡುವವರು ಎದ್ದುಹೋಗುತ್ತಾರೆ. ನಮ್ಮ ಕಥೆಗಾರರು ಕಂಡುಕೊಂಡ ಉಪಾಯ ಜಾಣತನದ್ದು: ಶರಣು ಬಂದ ಮೂರನೆಯವನೊಬ್ಬನನ್ನು ನಡುವೆ ತರುವುದು. ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವನ ತಂಬುಲ ಅರ್ಘ್ಯ ಬಿಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣ ಅವನನ್ನು ಕೊಲ್ಲುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ವಿಷಯವೇನೆಂದು ತಿಳಿಯುವ ಮೊದಲೇ ಅರ್ಜುನ ಗಯನಿಗೆ ಅಭಯ ಕೊಟ್ಟುಬಿಡುತ್ತಾನೆ. ಅತ್ತ ಪ್ರತಿಜ್ಞೆ, ಇತ್ತ ಅಭಯ. ಎರಡೂ ಧರ್ಮವೇ ಆದ್ದರಿಂದ ಯುದ್ಧ ತಪ್ಪದು. ರಾಮಾಂಜನೇಯರ ಕಥೆಯ ಯಂತ್ರವೂ ಇದೇ. ಅಭಯ ಬೇಡಿ ಬಂದ ರಾಜನನ್ನು ಕಾಯಲು ಹನುಮ ತನ್ನ ಒಡೆಯನಿಗೇ ಎದುರು ನಿಲ್ಲುತ್ತಾನೆ, ರಾಮನಾಮವೇ ಅವನ ಆಯುಧ. ಎರಡರಲ್ಲಿಯೂ ಕೊನೆಗೆ ರಾಜಿ. ಯಾರೂ ಸೋಲುವುದಿಲ್ಲ, ಮರುದಿನದ ಪ್ರಸಂಗಕ್ಕೆ ಇಬ್ಬರೂ ಹಾಜರು. ಬಯಲಾಟ, ಕಂಪನಿ ನಾಟಕಗಳನ್ನು ದಾಟಿ ರಾಮಾಂಜನೇಯ ಯುದ್ಧ 1963ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಛೋಟಾ ಭೀಮನನ್ನೂ ಬಾಲಕೃಷ್ಣನನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ ಹೈದರಾಬಾದಿನವರು ಹೊಸದೇನನ್ನೂ ಮಾಡಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮೆಚ್ಚಿನ ನಾಯಕನ ಕಥೆಯನ್ನು ತಮಗೆ ಬೇಕಾದಂತೆ ಹೇಳಿಸಿಕೊಂಡವರಲ್ಲಿ ರಾಜರೂ ಸಿಗುತ್ತಾರೆ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯ ಬರೆದಾಗ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿದ. ಅದರಿಂದ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಯಲ್ಲಿ ಪಟ್ಟವೂ ಅರ್ಜುನನಿಗೇ, ಅದೂ ಸುಭದ್ರೆಯೊಡನೆ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಚಾಲುಕ್ಯ ಸತ್ಯಾಶ್ರಯನಿಗಾಗಿ ಭೀಮನನ್ನು ಮುಂದೆ ತಂದ. ಅರಸನ ಆಸೆಯನ್ನು ಅಭಿಮಾನಿಯ ಆಸೆಯೆಂದು ಕರೆಯುವುದು ಸ್ವಲ್ಪ ಎಳೆದಂತಾದೀತು. ಅರಸನಿಗೆ ಒಬ್ಬ ಪಂಪ ಸಿಗುತ್ತಾನೆ, ಜೋಳದ ಹೊಲದವನಿಗೆ ಸಿಗುವುದು ಊರಿಗೆ ಬಂದ ಶಿಳ್ಳೇಕ್ಯಾತ. ಆದರೆ ಕೇಳಬಹುದು ಎಂಬ ಧೈರ್ಯ ಇಬ್ಬರಿಗೂ ಇತ್ತು.

ಗೊಂಬೆಯವನು ಕೇಳಿದ್ದಕ್ಕೆಲ್ಲ ಹೂಂಗುಟ್ಟಲು ಸಾಧ್ಯವಿತ್ತೆ? ಇಲ್ಲ. ಅಡ್ಡ ಬರುತ್ತಿದ್ದುದು ಧರ್ಮಶಾಸ್ತ್ರಕ್ಕಿಂತ ಹೆಚ್ಚಾಗಿ ಪೆಟ್ಟಿಗೆ. ಮೇಳದ ಬಳಿ ಇರುವುದು ತಲೆಮಾರುಗಳಿಂದ ಬಂದ ಗೊಂಬೆಗಳ ಒಂದು ಪೆಟ್ಟಿಗೆ. ಹೊಸ ಗೊಂಬೆ ಎಂದರೆ ತೊಗಲು, ಹದ, ಕೊರೆತ, ಬಣ್ಣ, ದಿನಗಟ್ಟಲೆ ಕೆಲಸ. ಹೀಗಾಗಿ ಹೊಸ ಪ್ರಸಂಗವನ್ನು ಹಳೆಯ ಗೊಂಬೆಗಳಲ್ಲೇ ಹೊಂದಿಸಬೇಕು. ಗಡ್ಡದ ಋಷಿಯೊಬ್ಬ ಒಂದು ರಾತ್ರಿ ವಿಶ್ವಾಮಿತ್ರ, ಇನ್ನೊಂದು ರಾತ್ರಿ ದೂರ್ವಾಸ. ಕರ್ನಾಟಕದ ಗೊಂಬೆಗಳಲ್ಲಿ ಇನ್ನೊಂದು ವಿಶೇಷವಿದೆ. ಒಬ್ಬೊಬ್ಬರಿಗೆ ಒಂದೊಂದು ಗೊಂಬೆ ಇರುವಂತೆಯೇ, ಪಟ್ಟಾಭಿಷೇಕದಂಥ ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಕೊರೆದವೂ ಇರುತ್ತವೆ. ಕೃಷ್ಣಾರ್ಜುನರು ಒಂದೇ ರಥದಲ್ಲಿ, ಒಂದೇ ತೊಗಲಿನಲ್ಲಿ ಕೂತಿರುವ ಗೊಂಬೆಯೊಂದೇ ಇದ್ದವನಿಗೆ ಅವರಿಬ್ಬರ ಕಾಳಗ ಆಡಿಸಿ ಎಂದರೆ ಎಲ್ಲಿಂದ ಆಡಿಸಿಯಾನು! ಅಮೆರಿಕದ ಹ್ಯಾನಾ–ಬಾರ್ಬೆರಾ ಸಂಸ್ಥೆ 1950ರ ದಶಕದ ಕೊನೆಯಲ್ಲಿ ಟೀವಿಗಾಗಿ ಅಗ್ಗದ ಕಾರ್ಟೂನು ಮಾಡಹೊರಟಾಗ ಎದುರಾದದ್ದೂ ಇದೇ ಕಷ್ಟ. ಪಾತ್ರಗಳ ಕುತ್ತಿಗೆಗೆ ಕಾಲರೋ ಟೈಯೋ ತೊಡಿಸಿ, ಮೈಯ ಚಿತ್ರ ಹಾಗೇ ಇಟ್ಟು ತಲೆಯನ್ನಷ್ಟೇ ಆಡಿಸಿದರು. ಬಡತನ ಎಲ್ಲ ಕಡೆಯೂ ಒಂದೇ ಬಗೆಯ ಜಾಣತನ ಕಲಿಸುತ್ತದೆ.

ಪೆಟ್ಟಿಗೆಯ ಮಿತಿಯನ್ನು ಮೀರಿದ ಪಾತ್ರ ಒಂದಿತ್ತು. ಗಣಪತಿ, ಸರಸ್ವತಿಯರ ಸ್ತುತಿ ಮುಗಿಯುತ್ತಿದ್ದಂತೆ ಪರದೆಗೆ ನುಗ್ಗುವ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ಕಪ್ಪು ಮೈ, ಚಪ್ಪಟೆ ಮೂಗು, ಡೊಳ್ಳು ಹೊಟ್ಟೆ, ಕೆದರಿದ ಕೂದಲು, ನಾಲಿಗೆಗೆ ಲಗಾಮಿಲ್ಲ. ಇವರು ಯಾವ ಪುರಾಣದವರೂ ಅಲ್ಲ. ಹಾಗಾಗಿ ಎಲ್ಲ ಪುರಾಣಕ್ಕೂ ನುಗ್ಗಬಲ್ಲರು. ರಾವಣನ ಸಭೆಯಲ್ಲಿ ನಿಂತು ಊರಿನ ಜಿಪುಣನನ್ನು ಹಂಗಿಸಬಲ್ಲರು, ಬಡ್ಡಿ ಸಾಹುಕಾರನ ಲೆಕ್ಕ ಬಿಡಿಸಬಲ್ಲರು. ಅವರ ಮಾತು ಆಯಾ ಊರಿನ ಆಡುಮಾತು, ಅರ್ಧ ಪೋಲಿ, ಆ ಕ್ಷಣಕ್ಕೆ ಹುಟ್ಟಿದ್ದು. ಸಂಜೆ ಊರಿನ ಕಟ್ಟೆಯ ಮೇಲೆ ಕೇಳಿದ ಸುದ್ದಿ ನಡುರಾತ್ರಿ ಕಿಳ್ಳೇಕ್ಯಾತನ ಬಾಯಲ್ಲಿ ಬರುತ್ತಿತ್ತು. ನೋಡುವವರ ಕಥೆ ಗೊಂಬೆಯಾಟದೊಳಗೆ ಹೊಕ್ಕ ಬಾಗಿಲು ಇದೇ. ರಾಮ ರಾಮನಾಗಿಯೇ ಉಳಿದ, ಕೊನೆ ಬದಲಾಗಲಿಲ್ಲ. ಬದಲಾದದ್ದು ಎರಡು ದೃಶ್ಯಗಳ ನಡುವಿನ ಸಂದಿ. ಆ ಸಂದಿಯಲ್ಲಿ ಊರೇ ಕಂತು ಬರೆಯುತ್ತಿತ್ತು. ಈ ಪೋಲಿತನಕ್ಕೆ ಮೂಗು ಮುರಿದ ವಿದ್ವಾಂಸರಿದ್ದಾರೆ. ಮೂಗು ಮುರಿದದ್ದರಿಂದಲೇ ಅದರ ಬಹುಭಾಗ ಬರಹಕ್ಕೆ ಇಳಿಯದೆ ಹೋಯಿತು.

ಸ್ವಾತಂತ್ರ್ಯ ಬಂದ ಮೇಲೆ ಕೇಳುವವರು ಬದಲಾದರು. ಕೇಂದ್ರ ಸರ್ಕಾರ 1954ರಲ್ಲಿ ಗೀತ ಮತ್ತು ನಾಟಕ ವಿಭಾಗವನ್ನು ಆರಂಭಿಸಿತು. ಸರ್ಕಾರದ ಸಂದೇಶವನ್ನು ಜನರ ಕಲೆಗಳ ಮೂಲಕವೇ ಜನರಿಗೆ ಮುಟ್ಟಿಸುವುದು ಅದರ ಉದ್ದೇಶ. ಕುಟುಂಬ ಯೋಜನೆ, ಸಾಕ್ಷರತೆ, ಆರೋಗ್ಯ, ಮುಂತಾದವು ಗೊಂಬೆಯಾಟದ ಪ್ರಸಂಗಗಳಾದವು. ಮೇಳಗಳಿಗೆ ನಾಲ್ಕು ಕಾಸು ಸಿಕ್ಕಿತು ಎಂಬುದು ಸಣ್ಣ ಮಾತಲ್ಲ. ಹೊಟ್ಟೆಗೆ ಗತಿಯಿಲ್ಲದೆ ಹಳೆಯ ಗೊಂಬೆಗಳನ್ನು ಪ್ರಾಚ್ಯವಸ್ತು ಕೊಳ್ಳುವವರಿಗೆ ಮಾರಿಕೊಂಡ ಮನೆತನಗಳೂ ಇದ್ದ ಕಾಲ ಅದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಸಂಗ್ರಹಿಸದಿದ್ದರೆ ಅವುಗಳಲ್ಲಿ ಇನ್ನೆಷ್ಟೋ ಸಮುದ್ರ ದಾಟಿ ಹೋಗುತ್ತಿದ್ದವು. ಆದರೂ ಒಂದು ಮಾತು ಹೇಳಲೇಬೇಕು. ವಿರಾಟಪರ್ವ ಕೇಳಿದವನು ಅದನ್ನು ಬೆಳಗಿನತನಕ ಕೂತು ನೋಡುತ್ತಿದ್ದ. ಕುಟುಂಬ ಯೋಜನೆಯ ಪ್ರಸಂಗ ಕೇಳಿದ ಕಚೇರಿ ಅದನ್ನು ನೋಡಲು ಬರುತ್ತಿರಲಿಲ್ಲ. ಕಿಳ್ಳೇಕ್ಯಾತ ಬುದ್ಧಿ ಹೇಳತೊಡಗಿದರೆ ನಗುವವರಾರು?

ಇದಕ್ಕೆ ಗೌರವದ ಅಪವಾದವೆಂದರೆ ಬಳ್ಳಾರಿ ಸೀಮೆಯ ಬೆಳಗಲ್ಲು ವೀರಣ್ಣ. ರಂಗಭೂಮಿಯ ನಟರೂ ಆಗಿದ್ದ ಅವರು ಪುರಾಣದ ಪರದೆಯ ಮೇಲೆ ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯ ಬದುಕನ್ನೂ ತಂದರು. ಇದು ಹಳೆಯ ಪೆಟ್ಟಿಗೆಯಿಂದ ಆಗುವ ಕೆಲಸವಲ್ಲ, ಪಾತ್ರಗಳನ್ನೆಲ್ಲ ಹೊಸದಾಗಿ ಕೊರೆಯಬೇಕು. ಅದರಲ್ಲೊಂದು ಕುತೂಹಲದ ತೊಡಕಿದೆ. ತೊಗಲುಗೊಂಬೆಯ ಸೊಗಸು ಇರುವುದು ಕಿರೀಟ, ಹಾರ, ನಡುಪಟ್ಟಿಗಳ ರಂಧ್ರಗಳಿಂದ ತೂರಿ ಬರುವ ಬೆಳಕಿನಲ್ಲಿ. ಬರಿಮೈಯ, ತುಂಡುಪಂಚೆಯ ಮುದುಕನಿಗೆ ರಂಧ್ರ ಕೊರೆಯುವುದು ಎಲ್ಲಿ? ಕನ್ನಡಕ ಮತ್ತು ಕೋಲಿನಿಂದಲೇ ನೆರಳು ಗುರುತಾಗಬೇಕು. ಪುಣ್ಯಕ್ಕೆ ಗಾಂಧಿಯ ಆಕೃತಿ ಅಷ್ಟರಿಂದಲೇ ಗುರುತಾಗುವಂಥದು. ವೀರಣ್ಣನವರು 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇಷ್ಟರಲ್ಲಿ ಮಕ್ಕಳ ಪರದೆ ಬೇರೆಯಾಗಿತ್ತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು, 2009ರಲ್ಲಿ ಆರಂಭವಾದ ಚಿಂಟು ಟೀವಿ ಕಾರ್ಟೂನುಗಳಿಗೆ ಕನ್ನಡ ನಾಲಿಗೆ ಕೊಟ್ಟಿತು. ಬಣ್ಣ ಹೆಚ್ಚಾಯಿತು, ವೇಗ ಹೆಚ್ಚಾಯಿತು. ಕೇಳುವ ದಾರಿ ಮಾತ್ರ ಮುಚ್ಚಿಹೋಯಿತು. ಯಾರನ್ನು ಕೇಳುವುದು? ಕಥೆಗೆ ಈಗ ಒಡೆಯನಿದ್ದಾನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಹಕ್ಕು ಅವನು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಚಲನಚಿತ್ರವಾದರೆ ಪ್ರಕಟವಾದ ಮೇಲೆ 60 ವರ್ಷ. ಮೂಲ ಕಥೆಯನ್ನು ಬೇರೆ ರೂಪಕ್ಕೆ ತರುವ ಹಕ್ಕೂ ಅದರಲ್ಲಿ ಸೇರಿದೆ. ಕಷ್ಟಪಟ್ಟು ಚಿತ್ರ ಬರೆದವನ ಅನ್ನವನ್ನು ಕಾಯುವ ಕಾಯಿದೆ ಬೇಡವೆನ್ನಲು ಯಾರಿಗೂ ಸಾಧ್ಯವಿಲ್ಲ. ಗೊಂಬೆ ಮಾರಿಕೊಂಡ ಮನೆತನಗಳಿಗೆ ಅಂಥ ಕಾವಲು ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಆದರೆ ಅದೇ ಕಾಯಿದೆ ನೋಡುವವನ ಆಸೆಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ಜಪಾನಿನದೊಂದು ಪ್ರಕರಣವಿದೆ.

‘ಡೋರೇಮಾನ್’ ಎಂಬ ನೀಲಿ ಬೆಕ್ಕಿನ ರೋಬೋ ನಮ್ಮ ಮಕ್ಕಳಿಗೂ ಚೆನ್ನಾಗಿ ಪರಿಚಿತ. ಅದನ್ನು ಸೃಷ್ಟಿಸಿದ ಫುಜಿಕೊ ಎಫ್. ಫುಜಿಯೊ 1996ರಲ್ಲಿ ತೀರಿಕೊಂಡರು. ಮಾಲಿಕೆಗೆ ಕೊನೆಯ ಕಂತನ್ನು ಅವರು ಕೊಟ್ಟಿರಲಿಲ್ಲ. ಅಭಿಮಾನಿಗಳು ಸುಮ್ಮನಿರುತ್ತಾರೆಯೆ? ಒಬ್ಬ ವಿದ್ಯಾರ್ಥಿ 1998ರ ಸುಮಾರಿಗೆ ತಾನೇ ಒಂದು ಮುಕ್ತಾಯ ಬರೆದ. ಡೋರೇಮಾನ್‌ನ ಬ್ಯಾಟರಿ ನಿಂತುಹೋಗುತ್ತದೆ, ಬದಲಾಯಿಸಿದರೆ ನೆನಪೆಲ್ಲ ಅಳಿಯುತ್ತದೆ. ಓದಿನಲ್ಲಿ ದಡ್ಡನಾಗಿದ್ದ ನೊಬಿತ ಛಲದಿಂದ ಕಲಿತು ದೊಡ್ಡ ವಿಜ್ಞಾನಿಯಾಗಿ, ನೆನಪು ಅಳಿಯದಂತೆ ಗೆಳೆಯನನ್ನು ತಾನೇ ಮರಳಿ ಎಬ್ಬಿಸುತ್ತಾನೆ. ಕಥೆ ಬಾಯಿಂದ ಬಾಯಿಗೆ ಹರಡಿತು, ಇದೇ ನಿಜವಾದ ಕೊನೆ ಎಂದು ನಂಬಿದವರೂ ಇದ್ದರು. 2005ರ ಸುಮಾರಿಗೆ ಇನ್ನೊಬ್ಬ ಅಭಿಮಾನಿ ಇದನ್ನು ಚಿತ್ರಕಥೆಯ ಪುಸ್ತಕವಾಗಿ ಬರೆದು ಮಾರಿದಾಗ ಅದು ಹತ್ತು ಸಾವಿರಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಪ್ರಕಾಶಕರು ಆಕ್ಷೇಪಿಸಿದರು. 2007ರಲ್ಲಿ ಆತ ಕ್ಷಮಾಪಣೆ ಕೇಳಿ, ಬಂದ ಹಣದಲ್ಲಿ ಒಂದು ಪಾಲು ಒಪ್ಪಿಸಬೇಕಾಯಿತು.

ಕೃಷ್ಣಾರ್ಜುನರ ಕಾಳಗವನ್ನು ಮೊದಲು ಕಲ್ಪಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ಆತ ಯಾರ ಕ್ಷಮೆಯನ್ನೂ ಕೇಳಬೇಕಾಗಿರಲಿಲ್ಲ, ಆತನಿಗೆ ಬಿಡಿಕಾಸೂ ಬಂದಿರಲಿಕ್ಕಿಲ್ಲ. ಲಾಭ ನಷ್ಟಗಳನ್ನು ಓದುಗರು ತಾವೇ ತೂಗಿ ನೋಡಲಿ. ನನ್ನ ಮಟ್ಟಿಗೆ ಕಾಡುವ ಸಂಗತಿ ಕಾಯಿದೆಯದಲ್ಲ. ಇಂದು ಗೊರೇಬಾಳದ ಹುಡುಗಿಯೊಬ್ಬಳು ಭೀಮನಿಗೆ ಒಂದು ಚಂದದ ಹೊಸ ಕಂತು ಹೊಸೆದರೆ ಅದು ನೋಟುಬುಕ್ಕಿನ ಹಿಂದಿನ ಪುಟದಲ್ಲೇ ಉಳಿಯುತ್ತದೆ. ಅವಳ ಮುತ್ತಜ್ಜಿಗೆ ಗೊಂಬೆಯವರ ಬಿಡಾರಕ್ಕೆ ಹೋಗಿ ಮಾತಾಡಿಸುವಷ್ಟು ದೂರದಲ್ಲಿ ಪರದೆ ಇತ್ತು.

ಆ ಪರದೆ ಪೂರ್ತಿ ಮುಚ್ಚಿಲ್ಲ. ಕೊಪ್ಪಳದ ಬಳಿಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಮೊರನಾಳ 1997ರವರೆಗೆ ಗೊರೇಬಾಳದಂತೆ ರಾಯಚೂರು ಜಿಲ್ಲೆಯಲ್ಲೇ ಇತ್ತು, ಹೊಸ ಕೊಪ್ಪಳ ಜಿಲ್ಲೆ ಆದ ಮೇಲೆ ಅತ್ತ ಸೇರಿತು. ಹದಿಹರೆಯದಲ್ಲಿ ಹಾಡಲು, ಗೊಂಬೆ ಆಡಿಸಲು ತೊಡಗಿದ ಭೀಮವ್ವ ರಾಮಾಯಣ, ಮಹಾಭಾರತಗಳ ಆಟಗಳನ್ನು ದೇಶ ವಿದೇಶಗಳಿಗೆ ಒಯ್ದರು. ಅಂಥ ಸಭಾಂಗಣಗಳಲ್ಲಿ ಸಿಗುವ ಸಮಯ ಗಂಟೆಯ ಲೆಕ್ಕದ್ದು, ಊರಿನ ಆಟ ರಾತ್ರಿಯ ಲೆಕ್ಕದ್ದು. ಇಡೀ ರಾತ್ರಿಯನ್ನು ಗಂಟೆಗೆ ಇಳಿಸುವಾಗ ರಾಮ, ರಾವಣ, ಹನುಮಂತರನ್ನು ಬಿಡುವಂತಿಲ್ಲ. ಕತ್ತರಿ ಮೊದಲು ಬೀಳುವುದು ಕಿಳ್ಳೇಕ್ಯಾತನಿಗೂ ಬಂಗಾರಕ್ಕನಿಗೂ. ಅವರ ಮಾತು ಆ ಊರಿನವರಿಗಲ್ಲದೆ ಬೇರೆಯವರಿಗೆ ಅರ್ಥವೂ ಆಗುವುದಿಲ್ಲ.